ಗೌರಮ್ಮನ ನೂರ ಹದಿನೆಂಟು ವರ್ಷ

ಕೊಡ್ಲಿಪೇಟೆಯಿಂದ ತುಸು ಒಳಗಿರುವ ಶಿವಶಂಕರಪ್ಪನ ಮನೆತನದಲ್ಲಿ ಹಿಂದೆ ಗೌರಮ್ಮ ಎಂಬ ಅಜ್ಜಿಯೊಬ್ಬಳು ನೂರ ಹದಿನೆಂಟು ವರ್ಷ ಬದುಕಿದ್ದಳು. ಇದನ್ನು ಆ ಮನೆಯಲ್ಲಿ ಯಾರೂ ಅನುಮಾನಿಸಿರಲಿಲ್ಲ. ರಾಜರ ಕಾಲದಲ್ಲಿ ಸೊಸೆಯಾಗಿ ಬಂದವಳು, ಕಂಪನಿಯವರು ಬಂದದ್ದು ಕಂಡಳು, ಊರಿಗೆ ಕಾಫಿ ಗಿಡ ಬಂದದ್ದು ಕಂಡಳು, ಮರಿಮಕ್ಕಳ ಮದುವೆಗೆ ಅಕ್ಕಿ ಆರಿಸಿಕೊಟ್ಟು ಸತ್ತಳಂತೆ. ಸಾಯುವ ವರ್ಷವೂ ಕಬ್ಬನ್ನು ಹಲ್ಲಿನಲ್ಲೇ ಸಿಗಿದು ತಿಂದಳಂತೆ. ಬಾಯಲ್ಲಿ ಎಷ್ಟು ಹಲ್ಲು ಉಳಿದಿದ್ದವು ಎಂಬುದು ಮಾತ್ರ ಹೇಳುವವರ ಉತ್ಸಾಹಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತಿತ್ತು.

ಶನಿವಾರಸಂತೆ ಕಡೆಯ ಬೀಗರು ತಮ್ಮ ಹಿರಿಯರ ಗದ್ದುಗೆಗೆ ಕರಿಕಲ್ಲಿನ ಫಲಕ ಹಾಕಿಸಿದ ಮೇಲೆ ಶಿವಶಂಕರಪ್ಪನಿಗೆ ನಿದ್ದೆ ಬರಲಿಲ್ಲ. ತನ್ನ ಹೊಲದ ಮೂಲೆಯಲ್ಲಿ, ಮಣ್ಣು ಮಾಡಿದ ಹಿರಿಯರೆಲ್ಲ ಮಲಗಿರುವ ಜಾಗದಲ್ಲಿ, ಗೌರಮ್ಮಜ್ಜಿಯ ಹೆಸರಿನ ಕಲ್ಲು ನಿಲ್ಲಬೇಕು ಎಂದುಕೊಂಡ. ಅದರ ಮೇಲೆ ಅವಳು ಬಾಳಿದ ವರ್ಷಗಳು ಕಾಣಬೇಕು. ಯಾರಾದರೂ ಕೇಳಿದರೆ ತೋರಿಸಲು ಕೈಯಲ್ಲಿ ಸರ್ಕಾರಿ ದಾಖಲೆಯೂ ಇರಬೇಕು. ಆ ದಾಖಲೆ ಹುಡುಕುವ ಕೆಲಸವನ್ನು ಹೆಂಡತಿಗೆ ಒಪ್ಪಿಸಿದ. ಅವಳು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಹೋದ ವರ್ಷವಷ್ಟೇ ನಿವೃತ್ತಳಾಗಿದ್ದಳು. ಹಳೇ ಮೋಡಿ ಬರಹ ಓದಲು ಬರುತ್ತಿತ್ತು.

ಅವಳ ಹೆಸರು ಸುಮಿತ್ರಾ. ಆದರೆ ಊರಲ್ಲಿ ಅವಳೂ ಗೌರಮ್ಮನೇ.

ಅದು ಆ ಮನೆಯದೊಂದೇ ಪದ್ಧತಿ. ಮನೆಯ ಯಜಮಾನಿ ತೀರಿಕೊಂಡ ದಿನ, ಮಣ್ಣು ಮಾಡಿ ಬಂದ ಗಂಡಸರು ನೇರ ಒಳಗೆ ಕಾಲಿಡುವುದಿಲ್ಲ. ಹಿರಿಮಗ ಹೊಸ್ತಿಲಾಚೆ ನಿಂತು, "ಗೌರಮ್ಮ ಒಳಗಿದ್ದಾಳಾ?" ಎಂದು ಕೇಳುತ್ತಾನೆ. ಹಿರಿಸೊಸೆ ಒಳಗಿನಿಂದ, "ಇದ್ದೀನಿ, ಬನ್ನಿ" ಎನ್ನಬೇಕು. ಆಮೇಲೆ ಎಲ್ಲರೂ ಕಾಲು ತೊಳೆದು ಒಳಗೆ ಬರುತ್ತಾರೆ, ಒಲೆ ಹತ್ತುತ್ತದೆ. ಆ ಗಳಿಗೆಯಿಂದ ಅವಳೇ ಗೌರಮ್ಮ. ನೂರ ಹದಿನೆಂಟು ವರ್ಷದ ಆ ಅಜ್ಜಿಯ ನೆನಪಿಗೆ ಶುರುವಾದ ಪದ್ಧತಿ ಎಂದು ಎಲ್ಲರೂ ನಂಬಿದ್ದರು.

ಅತ್ತೆ ತೀರಿಕೊಂಡ ದಿನ ಸುಮಿತ್ರಾ ಹಾಗೆ ಉತ್ತರ ಕೊಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಅದಕ್ಕೆ ಮೊದಲು ಶಿವಶಂಕರಪ್ಪ ಅವಳನ್ನು ಹೆಸರು ಹಿಡಿದೇ ಕರೆಯುತ್ತಿದ್ದ. ಹೆಂಡತಿಯ ಹೆಸರು ಹೇಳಲು ನಾಚುವ ಮನೆಯಲ್ಲಿ ಅದೊಂದು ಸೋಜಿಗವೇ ಆಗಿತ್ತು. ಆ ದಿನದ ನಂತರ ಅವನ ಬಾಯಿ ಕಟ್ಟಿಹೋಯಿತು. ತಾಯಿಯನ್ನು ಊರು ಕರೆಯುತ್ತಿದ್ದ ಹೆಸರಿನಿಂದ ಹೆಂಡತಿಯನ್ನು ಕರೆಯಲು ನಾಲಗೆ ಏಳಲಿಲ್ಲ. ಹಳೆಯ ಹೆಸರು ಹೇಳಿದರೆ ತಾಯಿಯನ್ನು ಮತ್ತೆ ಕಳೆದುಕೊಂಡಂತೆ ಅನ್ನಿಸುತ್ತಿತ್ತೋ ಏನೋ. ಕೊನೆಗೆ "ಕೇಳಿಸ್ತಾ?" ಎನ್ನುವುದೇ ಅವಳ ಹೆಸರಾಯಿತು.

ಸುಮಿತ್ರಾ ಇದನ್ನು ಕೊರಗೆಂದು ಹೊತ್ತುಕೊಂಡು ತಿರುಗಿದವಳಲ್ಲ. ಸೊಂಟದಲ್ಲಿ ಬೀಗದ ಕೈ ಬಂತು, ಮಾತಿಗೆ ತೂಕ ಬಂತು. ಕಾಫಿ ಪಿಕ್ಕಿಂಗಿಗೆ ಬರುವ ಹೆಂಗಸರು "ಗೌರಮ್ಮನೋರೇ" ಎಂದು ಕರೆದರೆ ಅವಳಿಗೆ ಹಿತವೇ ಆಗುತ್ತಿತ್ತು. ಯಾವಾಗಲೋ ತವರಿನಿಂದ ಫೋನು ಬಂದು ಅತ್ತ ಯಾರೋ "ಸುಮಿತ್ರಾ" ಎಂದಾಗ ಮಾತ್ರ ಒಂದು ಕ್ಷಣ ಬೇಕಾಗುತ್ತಿತ್ತು, ಪಕ್ಕದಲ್ಲಿದ್ದವರನ್ನು ಕರೆಯುತ್ತಿದ್ದಾರೇನೋ ಎಂಬಂತೆ.

ತಾಲ್ಲೂಕು ಕಚೇರಿಯ ದಾಖಲೆ ಕೋಣೆಗೆ ಸೊಸೆ ಸುಧಾ ಕಾರಿನಲ್ಲಿ ಕರೆದುಕೊಂಡು ಹೋದಳು. ಸುಧಾ ಮಗ ಅನಿಲ್‌ಕುಮಾರನ ಹೆಂಡತಿ. ಬಂದು ಎರಡು ವರ್ಷ, ಮನೆಯವಳೇ ಆಗಿಬಿಟ್ಟಿದ್ದಳು. ಸುಮಿತ್ರಾ ಓದುತ್ತಿದ್ದಳು, ಸುಧಾ ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದಳು. ಹಳೇ ಕಾಗದದ ಧೂಳಿಗೆ ಇಬ್ಬರೂ ಸರದಿಯ ಮೇಲೆ ಸೀನುತ್ತಿದ್ದರು. ಮೂರನೇ ಸಲ ಹೋದಾಗ ಕಾಗದದಲ್ಲಿ ತಮ್ಮ ಹೊಲ ಸಿಕ್ಕಿತು. ಮೂಡಲಿಗೆ ಹಳ್ಳ, ಪಡುವಲಿಗೆ ಬಸರಿ ಮರ, ತೆಂಕಲಿಗೆ ದನ ಮೇಯಲು ಬಿಟ್ಟ ಊರೊಟ್ಟಿನ ಬಾಣೆ. ಬಸರಿ ಮರ ಅವಳು ಮದುವೆಯಾಗಿ ಬಂದ ಮೇಲೆ ಬಿದ್ದದ್ದು. ಆ ಸಾಲು ಓದುವಾಗ ತಾನೇ ಬದುವಿನ ಮೇಲೆ ನಡೆದುಹೋದಂತಾಯಿತು ಅವಳಿಗೆ. ಅದರ ಕೆಳಗೇ ಇತ್ತು: ಕಂದಾಯ ಕಟ್ಟುವವಳು ನಂಜಪ್ಪನ ವಿಧವೆ ಗೌರಮ್ಮ, ವಯಸ್ಸು ನಲವತ್ತು. ಕಂಪನಿಯವರು ರಾಜರನ್ನು ಇಳಿಸಿದ ಮರುವರ್ಷದ ದಾಖಲೆ ಅದು.

ಸುಧಾ ಮೇಜು ಕುಟ್ಟಿದಳು. ಸುಮಿತ್ರಾಳಿಗೂ ಹೆಮ್ಮೆಯಾಯಿತು. ಇಬ್ಬರೂ ಹೊರಗೆ ಬಂದು ಗೋಳಿಬಜೆ ತಿಂದು ಒಳಗೆ ಹೋದರು. ಮುಂದಿನ ದಾಖಲೆ ನಲವತ್ತು ವರ್ಷ ಈಚಿನದು. ಅದೇ ಹೊಲ, ಅದೇ ಗೌರಮ್ಮ, ವಯಸ್ಸು ಮೂವತ್ತೆರಡು. ಆಮೇಲಿನದು ಗಡಿ ತಕರಾರಿನಲ್ಲಿ ಕೊಟ್ಟ ಹೇಳಿಕೆ. ಅಲ್ಲಿ ಗೌರಮ್ಮನಿಗೆ ಇಪ್ಪತ್ತೆಂಟು, ತವರು ಶಿರಂಗಾಲ. ಕೆಳಗೆ ಹೆಬ್ಬೆಟ್ಟಿನ ಗುರುತು.

"ಅತ್ತೆ, ಈ ಅಜ್ಜಿಗೆ ವಯಸ್ಸು ಹಿಂದಕ್ಕೆ ಹೋಗ್ತಾ ಇದೆಯಲ್ಲ" ಎಂದಳು ಸುಧಾ.

ಸುಮಿತ್ರಾ ಮೂರೂ ಕಾಗದಗಳನ್ನು ಒಂದರ ಪಕ್ಕ ಒಂದಿಟ್ಟಳು. ಅವಳಿಗೆ ಆಗಲೇ ತಿಳಿದುಹೋಗಿತ್ತು. ಅಜ್ಜಿಯ ನೆನಪಿಗೆ ಪದ್ಧತಿ ಹುಟ್ಟಿದ್ದಲ್ಲ, ಪದ್ಧತಿಯೇ ಅಜ್ಜಿಯನ್ನು ಹುಟ್ಟಿಸಿದ್ದು. ಕನಿಷ್ಠ ಮೂವರು ಹೆಂಗಸರು, ಒಬ್ಬಳಾದ ಮೇಲೆ ಒಬ್ಬಳು, ಒಳಗಿನಿಂದ "ಇದ್ದೀನಿ" ಎಂದಿದ್ದರು. ಹೊರಗಿನ ಲೆಕ್ಕದಲ್ಲಿ ಗೌರಮ್ಮ ಸಾಯಲೇ ಇಲ್ಲ. ಅವಳು ಆ ಹೆಬ್ಬೆಟ್ಟಿನ ಮಸಿಯನ್ನೇ ನೋಡುತ್ತ ಕೂತಳು. ಬೆರಳಿನ ಒಂದು ಪಕ್ಕ ಗೆರೆ ಕಡಿದಿತ್ತು, ಎಂದೋ ಕುಡುಗೋಲು ತಾಗಿದ್ದಿರಬೇಕು. ಇನ್ನು ನೂರು ವರ್ಷಕ್ಕೆ ಯಾರಾದರೂ ಹುಡುಕಿಕೊಂಡು ಬಂದರೆ ಆಗಲೂ ಗೌರಮ್ಮನೇ ಸಿಗುತ್ತಾಳೆ. ತಾನು ಆ ಅಜ್ಜಿಯ ಬಾಯಲ್ಲಿ ಇನ್ನೊಂದು ಹಲ್ಲಾಗಿ ಉಳಿಯುತ್ತೇನೆ, ಅಷ್ಟೆ. ಪಕ್ಕದಲ್ಲಿ ಸುಧಾ ಮೂಗು ಒರೆಸಿಕೊಳ್ಳುತ್ತಿದ್ದಳು. ನಾಳೆ ಇವಳೂ.

ಕಲ್ಲಿನಲ್ಲಿ ಒಬ್ಬಳ ಹೆಸರೇ ಕೆತ್ತಿಬಿಟ್ಟರೆ ಇದು ಶಾಶ್ವತವಾಗುತ್ತದೆ ಎಂದು ಅವಳಿಗೆ ಅನ್ನಿಸಿದ್ದು ಆಗ. ಹಾಗಾಗಲು ಬಿಡಬಾರದು ಎಂದೂ.

ಶಿವಶಂಕರಪ್ಪ ನಂಬಲಿಲ್ಲ. ಶಾನುಭೋಗರು ಕುಡಿದು ಬರೆದಿರಬೇಕು ಎಂದ. ಹೆಂಗಸರು ವಯಸ್ಸು ಕಡಿಮೆ ಹೇಳುವುದು ಈಗ ಬಂದ ಚಾಳಿಯೇನಲ್ಲ ಎಂದ. ಕಲ್ಲು ಕೆತ್ತುವವನಿಗೆ ಈಗಾಗಲೇ ಹೇಳಿಯಾಗಿದೆ, ಬೀಗರಿಗೂ ಹೇಳಿಯಾಗಿದೆ, ಈಗ ಅಜ್ಜಿಯನ್ನು ಮೂರು ಹೋಳು ಮಾಡಿ ಬಡಿಸಿದರೆ ಅವರ ಮುಂದೆ ತನ್ನ ಮುಖ ಏನಾಗಬೇಕು ಎಂದು ಕೇಳಿದ. ಅವನ ದನಿಯಲ್ಲಿ ಸಿಟ್ಟಿಗಿಂತ ದಿಗಿಲಿತ್ತು. ಚಿಕ್ಕಂದಿನಿಂದ ಆ ಅಜ್ಜಿಯ ಕಥೆ ಕೇಳಿಕೊಂಡೇ ನಿದ್ದೆಹೋದವನು. ಸುಮಿತ್ರಾ ವಾದ ಬೆಳೆಸಲಿಲ್ಲ. ಒಂದು ವಾರ ತಡೆಯಲು ಕೆತ್ತುವವನಿಗೆ ಹೇಳಿ ಎಂದಷ್ಟೇ ಕೇಳಿಕೊಂಡಳು.

ಶಿರಂಗಾಲಕ್ಕೆ ಅವಳ ಜೊತೆ ಸುಧಾ ಅಲ್ಲದೆ ವಾರಗಿತ್ತಿ ಕಾವೇರಮ್ಮನೂ ಹೊರಟಳು. ಕಾವೇರಮ್ಮ ಮೈದುನನ ಹೆಂಡತಿ, ಪಕ್ಕದ ಮನೆಯಲ್ಲೇ ಇರುವುದು. ಎಲ್ಲಿಗಾದರೂ ಕಾರು ಹೊರಟರೆ ಅವಳ ಚಪ್ಪಲಿ ತಾನಾಗಿ ಕಾಲಿಗೆ ಬರುತ್ತಿತ್ತು. ಆ ಊರಲ್ಲಿ ಕೊಡ್ಲಿಪೇಟೆ ಕಡೆಗೆ ಹಿಂದೆ ಹೆಣ್ಣು ಕೊಟ್ಟ ಮನೆ ಯಾವುದು ಎಂದು ಕೇಳುತ್ತ ಹೋದರೆ ನಾಲ್ಕನೇ ಮನೆಯಲ್ಲಿ ಸಿಕ್ಕಿತು. ಅಲ್ಲಿನ ಹಿರಿಯಾಕೆಗೆ ಗೌರಮ್ಮ ಎಂದರೆ ಏನೂ ಗೊತ್ತಾಗಲಿಲ್ಲ. ತಮ್ಮ ಮನೆಯಲ್ಲಿ ಆ ಹೆಸರಿನವರೇ ಹುಟ್ಟಿಲ್ಲ ಎಂದಳು. ಕಾಫಿ ಕುಡಿದು ಏಳಬೇಕು ಅನ್ನುವಾಗ ಕಾವೇರಮ್ಮ, ನಿಮ್ಮಲ್ಲಿ ಗೌರಿ ಹಬ್ಬಕ್ಕೆ ಮೊರದ ಬಾಗಿನ ಯಾರ್‍ಯಾರಿಗೆ ಕಳಿಸುತ್ತೀರಿ ಎಂದು ಕೇಳಿದಳು. ಊರಿಂದೂರಿಗೆ ಹೋದರೆ ಅವಳು ಕೇಳುವ ಮೊದಲ ಮಾತೇ ಇಂಥದ್ದು.

ಆ ಮನೆಯಲ್ಲಿ ಕೊಟ್ಟ ಹೆಣ್ಣುಮಕ್ಕಳಿಗೆ ಬಾಗಿನ ತೆಗೆದಿಡುವಾಗ ಒಬ್ಬೊಬ್ಬರ ಹೆಸರು ಕೂಗುತ್ತಾರಂತೆ. ಬದುಕಿದ್ದವರ ಹೆಸರು ಮುಗಿದ ಮೇಲೆ, ಕೊಟ್ಟ ಮನೆಯಲ್ಲಿ ಮುತ್ತೈದೆಯಾಗಿ ತೀರಿಕೊಂಡವರ ಹೆಸರಿಗೂ ಒಂದೊಂದು ಹಿಡಿ ಅಕ್ಕಿ. ಹಿರಿಯಾಕೆ ಕಣ್ಣು ಮುಚ್ಚಿ, ಅತ್ತೆ ಕಲಿಸಿದ ಕ್ರಮದಲ್ಲಿ, ಪಾಠ ಒಪ್ಪಿಸುವ ಹಾಗೆ ಹೇಳುತ್ತ ಹೋದಳು. "ಕೊಡ್ಲಿಪೇಟೆ ಪುಟ್ನಂಜಿ" ಎಂದಾಗ ಸುಮಿತ್ರಾ ಅವಳ ಕೈ ಹಿಡಿದುಕೊಂಡಳು.

"ಅವಳಾ? ಪಾಪ, ನಲವತ್ತೂ ತುಂಬಿರಲಿಲ್ಲವಂತೆ" ಎಂದಳು ಹಿರಿಯಾಕೆ. "ಹೆರಿಗೆಯಲ್ಲಿ ಹೋದೋಳು. ಕಬ್ಬು ಅಂದ್ರೆ ಪ್ರಾಣ ಅಂತೆ ಅವಳಿಗೆ. ಬಯಕೆಗೆ ಅಂತ ಇಲ್ಲಿಂದ ಹೊರೆ ಹೊರೆ ಕಳಿಸಿದ್ರಂತೆ."

ನೂರ ಹದಿನೆಂಟು ವರ್ಷದವಳು ನಲವತ್ತು ತುಂಬದೆ ಹೋಗಿದ್ದಳು. ಸಾಯುವ ವರ್ಷ ಕಬ್ಬು ಸಿಗಿದದ್ದು ಮಾತ್ರ ಸುಳ್ಳಾಗಿರಲಿಲ್ಲ. ಮೂವರೂ ಕಾರು ಹತ್ತಿ ಮನೆಯ ದಾರಿ ಹಿಡಿದರು. ಕಾವೇರಮ್ಮ ಒಮ್ಮೆ, "ಬಸುರಿ ಕಬ್ಬು ತಿಂದಿದ್ದನ್ನ ಮುದುಕಿ ಹಲ್ಲು ಮಾಡಿಟ್ಟರಲ್ಲ, ಗಂಡಸ್ರು" ಎಂದಳು. ಸುಧಾ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು.

ಮನೆ ತಲುಪಿದಾಗ ಸಂಜೆ ನಾಲ್ಕು ಗಂಟೆ. ಶಿವಶಂಕರಪ್ಪ ನಡುಮನೆಯಲ್ಲಿ ಕೂತು ಕರಿಮೆಣಸು ಹಸನು ಮಾಡುತ್ತಿದ್ದ. ಸುಮಿತ್ರಾ ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತಳು. ಮೊದಲೇ ಯೋಚಿಸಿದ್ದಲ್ಲ, ಕಾಲು ಅಲ್ಲೇ ನಿಂತಿತು.

"ಸುಮಿತ್ರಾ ಒಳಗಿದ್ದಾಳಾ?" ಎಂದು ಕೇಳಿದಳು.

ಅವನು ತಲೆಯೆತ್ತಿ ನಕ್ಕ. ಅವಳು ನಗಲಿಲ್ಲ. ಮೊರ ಪಕ್ಕಕ್ಕಿಟ್ಟು ಎದ್ದು ಬಂದ. ಹೊಸ್ತಿಲ ಆಚೆಗೊಬ್ಬರು ಈಚೆಗೊಬ್ಬರು ನಿಂತರು. ಹಿಂದೆ ಸುಧಾ ಮೆಟ್ಟಿಲ ಮೇಲೆ ನಿಂತಿದ್ದಳು.

ಹೊಸ್ತಿಲನ್ನೇ ನೋಡುತ್ತ ಅವನೆಂದ: "ಆ ದಿನ ಅವ್ವ ಇದ್ದಾಳಾ ಅಂತ ಕೇಳಿದೆ ನಾನು. ಇದ್ದೀನಿ ಅಂದೆ ನೀನು. ನಂಗೆ ಅಷ್ಟು ಸಾಕಾಗಿತ್ತು. ನೀನು ಇದ್ದೀಯಾ ಅಂತ ಕೇಳಲೇ ಇಲ್ಲ."

"ನಾನೂ ಹೇಳಲಿಲ್ಲ ಬಿಡಿ" ಎಂದಳು ಸುಮಿತ್ರಾ. "ಶಿರಂಗಾಲದೋಳು ಪುಟ್ನಂಜಿ. ಅವಳ ಹೆಸರು ಅವಳ ತವರಲ್ಲಿದೆ, ನಮ್ಮಲ್ಲಿಲ್ಲ. ನಿಮ್ಮ ಅಜ್ಜಿ ಸಾಯಲಿಲ್ಲ ಅಂತ ಹೇಳೋಕೆ ಎಷ್ಟು ಜನ ಸಾಯಬೇಕಾಯ್ತು ನೋಡಿ."

ಅವನು ಪುಟ್ನಂಜಿಯ ಕಥೆಯನ್ನು ನಿಂತೇ ಕೇಳಿದ. ಕಬ್ಬಿನ ಮಾತು ಬಂದಾಗ ಹೆಗಲ ಮೇಲಿದ್ದ ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಕೆತ್ತುವವನಿಗೆ ತಾನೇ ಫೋನು ಮಾಡಿದ. ಅಕ್ಷರ ಬದಲಾಗುತ್ತದೆ, ಕಲ್ಲೂ ಇನ್ನಷ್ಟು ದೊಡ್ಡದು ಬೇಕಾಗಬಹುದು ಎಂದ.

ಕಲ್ಲಿನ ಮೇಲೆ ಐವರ ಹೆಸರು ಬಂತು. ಮೊದಲನೆಯವಳಿಗೂ ಎರಡನೆಯವಳಿಗೂ ತವರಿನ ಹೆಸರು ಎಷ್ಟು ಹುಡುಕಿದರೂ ಸಿಗಲಿಲ್ಲ. ಅವರು ಬರೀ ಗೌರಮ್ಮನಾಗಿಯೇ ಉಳಿದರು. ಮೂರನೆಯವಳು ಪುಟ್ನಂಜಿ. ಶಿವಶಂಕರಪ್ಪನ ಅಜ್ಜಿ ಸಿದ್ದಮ್ಮ. ಅವನ ತಾಯಿ ಪಾರ್ವತಿ. ತಾಯಿಗೆ ಆ ಹೆಸರಿತ್ತೆಂದು ಅವನಿಗೆ ಗೊತ್ತಿತ್ತು, ಬರೆದದ್ದನ್ನು ನೋಡಿರಲಿಲ್ಲ. ಆರನೆಯ ಸಾಲಿಗೆ ಸುಮಿತ್ರಾ ಎಂದು ಕೆತ್ತಲೇ ಎಂದು ಕೆತ್ತುವವನು ಕೇಳಿದನಂತೆ. ಬದುಕಿರುವವಳನ್ನು ಗದ್ದುಗೆಗೆ ಹತ್ತಿಸಬೇಡ ಎಂದು ಶಿವಶಂಕರಪ್ಪ ಬೈದು ಬಂದ. ಅದನ್ನು ಮನೆಯಲ್ಲಿ ಹೇಳುವಾಗ "ಸುಮಿತ್ರಾ" ಎಂಬಲ್ಲಿ ತೊದಲಿದ. ಹೊಸ ಚಪ್ಪಲಿಯಂತೆ ಆ ಹೆಸರು ಇನ್ನೂ ಕೆಲವು ದಿನ ಅವನಿಗೆ ಕಚ್ಚುವುದಿತ್ತು. ಅವಳು ಅವಸರ ಮಾಡಲಿಲ್ಲ.

ಮುಂದೆ ಬಾಗಿಲಲ್ಲಿ ಉತ್ತರ ಕೊಡುವ ಪದ್ಧತಿ ಇರಬೇಕೋ ಬೇಡವೋ ಎಂದು ಅವಳು ಸುಧಾಳನ್ನೇ ಕೇಳಿದಳು. ಇರಲಿ ಎಂದಳು ಸುಧಾ. ಮಣ್ಣು ಮಾಡಿ ಬಂದವರಿಗೆ ಒಳಗೊಬ್ಬರಿದ್ದಾರೆ ಅನ್ನಿಸುವುದು ಒಳ್ಳೆಯದೇ, ಆದರೆ ನನ್ನ ಹೆಸರು ಹೇಳಿಯೇ ಇದ್ದೀನಿ ಅನ್ನುತ್ತೇನೆ ಎಂದಳು. ಸುಮಿತ್ರಾಳಿಗೆ ಅದು ಸರಿಯೆನ್ನಿಸಿತು.

ಕಲ್ಲು ನೆಟ್ಟ ದಿನ ಬಿಸಿಲು ಹದವಾಗಿತ್ತು. ಕಾಫಿ ಹೂ ಬಿಟ್ಟು ಹೊಲದವರೆಗೂ ವಾಸನೆ ಬರುತ್ತಿತ್ತು. ಹೆಂಗಸರು ಬುಟ್ಟಿಗಳಲ್ಲಿ ಅಡುಗೆ ಹೊತ್ತು ತಂದರು. ಬೀಗರು ಕಲ್ಲು ಓದಿ ಮುಗಿಸುವ ಮೊದಲೇ ಶಿವಶಂಕರಪ್ಪ ಶುರುಮಾಡಿದ್ದ. ನೂರ ಹದಿನೆಂಟು ಬದುಕುವುದು ದೊಡ್ಡದಲ್ಲ, ಅದು ಒಬ್ಬಳ ಅದೃಷ್ಟ. ಇನ್ನೂರು ವರ್ಷದಲ್ಲಿ ಒಂದು ದಿನವೂ ಯಜಮಾನಿ ಇಲ್ಲದೆ ಒಲೆ ಆರದ ಮನೆ ಈ ಸೀಮೆಯಲ್ಲಿ ಇನ್ನೊಂದು ಇದ್ದರೆ ತೋರಿಸಿ ಎನ್ನುತ್ತಿದ್ದ. ಬಾಳೆಲೆ ಹಾಸುತ್ತಿದ್ದ ಸುಮಿತ್ರಾ, ಸಂಜೆಯಷ್ಟರಲ್ಲಿ ಇದು ಮುನ್ನೂರಾಗುತ್ತದೆ ಎಂದುಕೊಂಡು ನಕ್ಕಳು.

ಕಾವೇರಮ್ಮ ಕಲ್ಲಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಅಕ್ಕಾ, ನಿಮಗಾದ್ರೆ ಎರಡೆರಡು ಹೆಸರು" ಎಂದಳು. "ಒಂದು ಹೋದ್ರೆ ಇನ್ನೊಂದು. ಎರಡನೇ ಸೊಸೆ, ಮೂರನೇ ಸೊಸೆ ಅಂತ ಬಂದೋರು? ನಮ್ಮನ್ನ ಯಾರೂ ಬಾಗಿಲಲ್ಲಿ ನಿಂತು ಕೇಳಲೂ ಇಲ್ಲ."

ಸುಮಿತ್ರಾಳ ಕೈ ಎಲೆಯ ಮೇಲೆಯೇ ನಿಂತಿತು. ಇಷ್ಟು ದಿನ ಹುಡುಕಿದ ಕಾಗದಗಳಲ್ಲಿ ಅವರನ್ನು ಹುಡುಕಬೇಕೆಂದು ಅವಳಿಗೂ ಹೊಳೆದಿರಲಿಲ್ಲ. ಶಿವಶಂಕರಪ್ಪ ಕೇಳಿಸಿಕೊಂಡು, ಕಲ್ಲಿನ ಹಿಂಬದಿ ಪೂರ್ತಿ ಖಾಲಿಯಿದೆ, ಬೇಕಾದಷ್ಟು ಬರೆಸಬಹುದು ಎಂದ.

"ಅಲ್ಲೂ ಹಿಂದೇನೇ" ಎಂದಳು ಕಾವೇರಮ್ಮ. ಬೀಗರೂ ನಕ್ಕರು.

"ನಿಂಗೆ ಯಾರ್‍ಯಾರು ಗೊತ್ತು ಹೇಳು" ಎಂದಳು ಸುಮಿತ್ರಾ. ಕಾವೇರಮ್ಮನಿಗೆ ಬಹಳ ಜನ ಗೊತ್ತಿದ್ದರು. ಬೀಗದ ಕೈ ಇಲ್ಲದವರು ಹಿತ್ತಲಲ್ಲಿ ಕೂತು ಒಬ್ಬರಿಗೊಬ್ಬರು ಎಲ್ಲ ಹೇಳಿಕೊಂಡಿದ್ದರು. ದಾಕ್ಷಾಯಿಣಿ, ಬಸಮ್ಮ, ದನ ಮಾರಿದ ಗಂಡನಿಗೆ ಮೂರು ತಿಂಗಳು ಅನ್ನ ಹಾಕದ ಕೆಂಚಮ್ಮ. ಸುಧಾ ಸರ್ರನೆ ಫೋನು ತೆಗೆದು ಅವಳ ಬಾಯಿಯ ಹತ್ತಿರ ಹಿಡಿದಳು.

"ಅದನ್ನ ಆಕಡೆ ಇಡು ಮಾರಾಯ್ತಿ" ಎಂದಳು ಕಾವೇರಮ್ಮ, ತನ್ನ ಎಲೆಯ ಮುಂದೆ ಕೂರುತ್ತ. "ಕೆಂಚಮ್ಮನ ಕಥೆ ಹಸಿದ ಹೊಟ್ಟೇಲಿ ಹೇಳೋದಲ್ಲ. ಮೊದಲು ಪಾಯಸ ಬಡಿಸು."