ಮೂಗಮ್ಮನ ಕೆನ್ನೆಯ ಚೂರು

ಆ ಡಿಸೆಂಬರಿನ ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ಮಂಜು ಎಷ್ಟು ಕವಿದಿತ್ತೆಂದರೆ, ತೆರಕಣಾಂಬಿಯ ಬಸ್ಸು ಲೈಟು ಹಾಕಿಕೊಂಡೇ ಸ್ಟ್ಯಾಂಡಿಗೆ ಬಂತು. ಅದರಿಂದಿಳಿದ ಮೂಗಮ್ಮ ನೇರ ಕಣ್ಣಾಸ್ಪತ್ರೆಗೆ ನಡೆದಳು. 2006ರಲ್ಲಿ ಗೋಡೆಗೆ ಬಳಿಯುತ್ತಿದ್ದ ಸುಣ್ಣ ಸಿಡಿದು ಬಲಗಣ್ಣು ಬೆಂದಿತ್ತು. ಎರಡು ವರ್ಷ ಕಳೆದ ಮೇಲೆ, ಆ ಹಿಂದಿನ ವಾರ, ಆಸ್ಪತ್ರೆಯವರು ಅವಳ ಕೆನ್ನೆಯೊಳಗಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದಿದ್ದರು. ಮೈಸೂರಿನ ಲ್ಯಾಬಿನಲ್ಲಿ ಅದರಿಂದ ತೆಳು ಪದರ ಬೆಳೆಸಿ ಬೆಂದ ಕಣ್ಣಿಗೆ ಹಾಸುವುದಾಗಿ ಮಾತು ಕೊಟ್ಟಿದ್ದರು.

ಆ ಲ್ಯಾಬಿನ ಕೆಲಸ ಇಲ್ಲಿ ನೋಡಿಕೊಳ್ಳುತ್ತಿದ್ದ ಸುನೀಲ್ ಕುಮಾರ್ ಕೌಂಟರಿನಲ್ಲಿ ತಲೆ ಎತ್ತದೆ ಹೇಳಿದ: ಚೂರು ಸತ್ತಿದೆ, ಬೇಡವೆಂದರೂ ನೀನು ಎಲೆಅಡಿಕೆ ಹಾಕಿ ಕೆನ್ನೆ ಕೆಡಿಸಿಕೊಂಡಿದ್ದೀಯ, ಹಾಗೆಂದೇ ಬರೆದಾಗಿದೆ, ನಿನ್ನ ಸರದಿ ಇನ್ನೊಬ್ಬರಿಗೆ ಹೋಯಿತು.

ಮೂಗಮ್ಮ ಕೌಂಟರಿಗೆ ಇನ್ನಷ್ಟು ಹತ್ತಿರ ಸರಿದಳು.

"ಗೋಪಾಲಸ್ವಾಮಿ ಬೆಟ್ಟದ ಕಡೆ ಕೈ ಮುಗ್ದು ಎಲೆ ಬುಟ್ಟೋಳು ಕಣಪ್ಪ ನಾನು. ಇವತ್ತಿಗೆ ಇಪ್ಪತ್ತೊಂದು ದಿನ. ಬಾಯಿ ನಂದು, ಚರ್ಮ ನಂದು. ಸುಳ್ಳೊಂದು ಮಾತ್ರ ನಿಂದು."

ಕಸ ಗುಡಿಸುತ್ತಿದ್ದ ಆಯಾ ಮೆಹರ್ ಬಾನುವಿನ ಕೈ ನಿಂತಿತು. ಎಂಟು ವರ್ಷ ಹರವೆಯ ಸುತ್ತಲಿನ ಹಳ್ಳಿಗಳಲ್ಲಿ ಪೋಲಿಯೊ ಹನಿಯ ಡಬ್ಬಿ ಹೊತ್ತವಳು ಅವಳು. ಔಷಧಿಯೆಂದರೆ ಐಸು, ಅಷ್ಟೇ ಅವಳಿಗೆ ಗೊತ್ತು. ಚೂರು ಹುದುಗಿಸಿದ್ದ ಸೀಸೆಯನ್ನೂ ಬಿಸ್ಮಿಲ್ಲಾ ಎಂದು ಐಸಿನಲ್ಲಿಟ್ಟು ಮೈಸೂರಿನ ಬಸ್ಸಿಗೆ ಹಾಕಿಸಿದ್ದಳು. ಅದರೊಳಗೆ ಚೂರನ್ನು ಹಿಡಿದಿಡುವ ಲೋಳೆಯ ಗುಣ ತುಪ್ಪಕ್ಕೆ ತದ್ವಿರುದ್ಧ: ಬೆಚ್ಚಗಿದ್ದರೆ ಗಟ್ಟಿ, ತಣ್ಣಗಾದರೆ ನೀರು. ದಾರಿಯುದ್ದಕ್ಕೂ ಆಸರೆಯಿಲ್ಲದೆ ಕುಲುಕಾಡಿ ಚೂರು ಸತ್ತಿತ್ತು. ನಿನ್ನೆ ಒಳಕೋಣೆಯಲ್ಲಿ ಇದನ್ನೆಲ್ಲ ಹೇಳಿ ಅವಳನ್ನು ಬೈದವನೂ ಸುನೀಲನೇ. ತಿಳಿದೂ ತಿಳಿದೂ, ಓದುಬಾರದ ಮೂಗಮ್ಮನ ಬಾಯಿಗೆ ಅವನು ತಪ್ಪು ತುರುಕಿದ್ದ. ಸತ್ತ ಚೂರಿಗಿಂತ ಇದು ದೊಡ್ಡ ಸಾವು.

ಬಾನು ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಐಸಿಗಿಟ್ಟಿದ್ದು ನಾನು ಸಾರ್. ಇಡಬಾರದು ಅಂತ ನೀವು ಮೊದಲೇ ಹೇಳಲಿಲ್ಲ. ಎರಡನ್ನೂ ಬರೀರಿ."

"ಕೆಲಸ ಹೋಗುತ್ತೆ ನಿಂದು."

"ರೊಟ್ಟಿ ಕೊಡೋನು ಅಲ್ಲಾಹು. ನೀವು ಬರೀರಿ."

ಬೆಂಚಿನ ಮೇಲಿದ್ದ ರೋಗಿಗಳು ಎದ್ದು ಕೌಂಟರಿನ ಹತ್ತಿರ ಬಂದರು. ಯಾರೂ ಕೂಗಲಿಲ್ಲ. ಹತ್ತಿರ ಬಂದು ನಿಂತರು, ಅಷ್ಟೆ.

ಮೂಗಮ್ಮ ಬಾನುವನ್ನು ಒಂದು ಕಣ್ಣಿನಿಂದಲೇ ಬಹಳ ಹೊತ್ತು ನೋಡಿದಳು. "ಕೇಳ್ಬಾರ್ದಿತ್ತಾ ಕಣಮ್ಮಿ, ಐಸಿಗೆ ಇಡೋಕೆ ಮುಂಚೆ?" ಎಂದಳು. ಬಾನು ತಲೆ ತಗ್ಗಿಸಿದಳು. "ಇನ್ನೊಂದು ಕೆನ್ನೆ ಅದೆ ಬುಡು," ಎಂದು ಮೂಗಮ್ಮ ಅವಳ ಕೈ ಹಿಡಿದುಕೊಂಡಳು.

ಸುನೀಲ್ ಬರೆದಿದ್ದ ಸಾಲನ್ನು ಹೊಡೆದು ಹಾಕಿದ. ಅದರ ಕೆಳಗೆ, ತನ್ನ ಹೆಸರೂ ಸೇರಿದಂತೆ, ನಡೆದದ್ದನ್ನು ಬರೆದ. ಆಮೇಲೆ ಇನ್ನೊಬ್ಬರಿಗೆಂದು ಎತ್ತಿಟ್ಟಿದ್ದ ಮೂಗಮ್ಮನ ಸರದಿಯ ಚೀಟಿಯನ್ನು ಫೈಲಿನಿಂದ ತೆಗೆದು, ಅವಳ ಕೈಗೇ ಮರಳಿಸಿದ.