ಮರಿಯವ್ವನ ಬಳ್ಳಿ

"ಇದರಾಗ ಒಂದು ಬುಟ್ಟಿ ಸೈತ ಬೀಳಬಾರದು ನೋಡಪಾ!" ಎನ್ನುತ್ತ ಮರಿಯವ್ವ ಏಳು ತಿಂಗಳ ಹೊಟ್ಟೆ ಹೊತ್ತು ಹನ್ನೆರಡನೆಯ ತಗ್ಗಿನ ಅಂಚಿಗೆ ಕೂತೇಬಿಟ್ಟಳು. ಕೆರೆಗೋಡಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತಿದ್ದ ಅಪ್ಪ ಸಕ್ರಪ್ಪ ನಿಂತಲ್ಲೇ ನಿಂತ.

ಹರ್ತಿಯಲ್ಲಿ ಅದುವರೆಗೆ ದ್ರಾಕ್ಷಿ ಹಚ್ಚುವ ಹುಚ್ಚು ಯಾರಿಗೂ ಹಿಡಿದಿರಲಿಲ್ಲ. ಬಸುರಿಗೆ ಮಾಡುವ ಕುಬಸಕ್ಕೆಂದು ತವರಿಗೆ ಬಂದ ಮಗಳು ದ್ರಾಕ್ಷಿ ಬಯಸಿದಳೆಂದು ಗದಗಿನ ಪೇಟೆಯಿಂದ ತಂದುಕೊಟ್ಟದ್ದು ಸಾಲದೆ, ಈ ಪುಣ್ಯಾತ್ಮ ವಿಜಾಪುರದ ಕಡೆಯಿಂದ ಹನ್ನೆರಡು ಕಡ್ಡಿ ತರಿಸಿದ್ದ. ಬಾವಿಯ ಬದಿಯದು ಮಸಾರಿಯ ಕೆಂಪು ನೆಲ, ಬರೀ ಗರಸುಕಲ್ಲು. ಅಂಥ ನೆಲಕ್ಕೆ ಬೇಸಿಗೆಯಲ್ಲಿ ಒಣಗಿದ ಕೆರೆಯ ತಳದ ಕಪ್ಪು ಗೋಡುಮಣ್ಣು ಹೇರುವುದು ಅವನಪ್ಪನೂ ಮಾಡಿದ ಕೆಲಸ, ಅವನಜ್ಜನೂ ಮಾಡಿದ ಕೆಲಸ.

"ಸಾಲ್ಯಾಗ ಪದ್ಮಾಬಾಯಿ ಅಕ್ಕೋರು ಭೂಗೋಳದಾಗ ಹೇಳಿದ್ರು. ಫ್ರಾನ್ಸ ದೇಶದಾಗ ಬೋರ್ಡೋ ಅಂತ ಸೀಮಿ ಐತಂತ. ಹೆಸರಾದ ದ್ರಾಕ್ಷಿ ಅಲ್ಲೀವು. ಹೊಳಿ ತಂದು ಒಗದ ಹಳ್ಳು, ಗರಸಿನ ನೆಲ. ಮಳಿನೀರು ನಿಲ್ಲಂಗಿಲ್ಲ, ಬಸದು ಹೋಗತೈತಿ. ಬೇರು ನೀರು ಹುಡಿಕ್ಕೋತ ಆಳಕ್ಕ ಇಳೀತಾವು. ಹಗಲೆಲ್ಲ ಕಾದ ಕಲ್ಲು ಹೊತ್ತು ಮುಳುಗಿದ ಮ್ಯಾಲೂ ಬಳ್ಳೀನ ಬೆಚ್ಚಗ ಇಡತಾವಂತ," ಎಂದಳು ಮರಿಯವ್ವ.

"ನಿಮ್ಮ ಅಕ್ಕೋರು ಹೋಗಿ ನೋಡಿ ಬಂದಾರೇನು?"

"ನೀ ನೋಡಿ ಬಂದೀಯೇನು?" ಎಂದು ಮಗಳು ಮೂತಿ ತಿರುವಿದಳು. "ಹನ್ನೊಂದು ನಿನ್ನವು. ಇದೊಂದು ನಂದು, ಕಲ್ಲಾಗ ಇರಲಿ. ನನ್ನ ಕೂಸು ಇದರ ಹಣ್ಣು ತಿನಬೇಕು."

"ಆತು ಬಿಡವ್ವಾ," ಎಂದ ಸಕ್ರಪ್ಪ.

ಅವಳೇನೋ ನೆಟ್ಟು ಮನೆಗೆ ಹೋದಳು. ಇವನು ಆ ಬೋಳು ಕಡ್ಡಿಯ ಮುಂದೆಯೇ ಕುಕ್ಕರಿಸಿದ. ಮಗಳಿಗೆ ಉಣಿಸದೆ ತಾನೆಂದೂ ತುತ್ತು ಎತ್ತಿದವನಲ್ಲ. ಅವಳ ಬಳ್ಳಿಯನ್ನು ಉಪವಾಸ ಕೆಡವುವುದು ಹೇಗೆ? ಕಲ್ಲು ತೋಡಿ ತೆಗೆದ. ಮಗಳ ಪಾಲಿನದೆಂದು ಉಳಿದವಕ್ಕಿಂತ ಒಂದು ಬುಟ್ಟಿ ಹೆಚ್ಚಿಗೇ ಗೋಡು ಸುರಿದ. ಗೊತ್ತಾಗದಂತೆ ಮೇಲೆ ಗರಸು ಹರವಿದ.

ಕಾರಹುಣ್ಣಿಮೆ ಮುಗಿಯುವುದರೊಳಗೆ ಬಳ್ಳಿ ದಟ್ಟ ಹಸಿರಾಗಿ ಚಿಗುರಿತು. ಮರಿಯವ್ವನಿಗೆ ಹಿಗ್ಗೋ ಹಿಗ್ಗು. ಆಮೇಲೆ ಯಾಕೋ ಅನುಮಾನ ಬಂತು.

"ಇಷ್ಟು ಜಲ್ದಿ ಹೆಂಗ ಬಂತು? ಗೋಡು ಹಾಕಿಲ್ಲಂತ ನನ್ನ ತಲಿ ಮುಟ್ಟಿ ಹೇಳು."

ಸಕ್ರಪ್ಪ ನಗುನಗುತ್ತಲೇ ಅವಳ ನೆತ್ತಿಯ ಮೇಲೆ ಕೈಯಿಟ್ಟ. "ನಿನ್ನಾಣಿ, ಹಾಕಿಲ್ಲವ್ವಾ."

ಶ್ರಾವಣದ ಎರಡನೆಯ ಸೋಮವಾರ ಅವಳಿಗೆ ಹೆರಿಗೆಯ ಬ್ಯಾನಿ ಎದ್ದವು. ಒಂದು ಹಗಲು, ಒಂದು ರಾತ್ರಿ ನರಳಿದಳು. ಗದಗಿನ ದವಾಖಾನೆಗೆಂದು ಚಕ್ಕಡಿ ಹೂಡಿದರು. ಗದಗು ಇನ್ನೂ ಒಂದು ಹರದಾರಿ ಇರುವಾಗಲೇ ತಾಯಿ ಹುಚ್ಚವ್ವನ ತೊಡೆಯ ಮೇಲೆ ತಲೆಯಿಟ್ಟವಳು ಮಾತು ನಿಲ್ಲಿಸಿದಳು. ಕೂಸೂ ಉಳಿಯಲಿಲ್ಲ.

ಜನ ಬಂದರು, ಅತ್ತರು, ದೇವರ ಇಚ್ಛೆ ಎಂದರು. ಸಕ್ರಪ್ಪ ಮಾತ್ರ ತನ್ನ ಬಲಗೈಯನ್ನು ನೋಡಿಕೊಳ್ಳುತ್ತ ಕೂತ. ಆ ಕೈಯಿಂದ ಉಣ್ಣುವುದಕ್ಕೂ ಅವನಿಗೆ ಹೇಸಿಗೆಯಾಗುತ್ತಿತ್ತು.

ಉತ್ತರಿ ಮಳೆ ಎಂಟು ದಿನ ಹಿಡಿಯಿತು. ಗೋಡು ತುಂಬಿದ ತಗ್ಗುಗಳಲ್ಲಿ ನೀರು ನಿಂತು ಹನ್ನೆರಡೂ ಬಳ್ಳಿ ಹಳದಿಯಾದವು. ಮೊದಲು ಸತ್ತದ್ದು ಮರಿಯವ್ವನದೇ. ಕಿತ್ತು ನೋಡಿದರೆ ಬೇರು ಕೊಳೆತು ನಾರುತ್ತಿತ್ತು.

ಬಿಸಿಲು ಬಿದ್ದ ದಿನ ಅವನು ಆ ತಗ್ಗಿನ ಗೋಡನ್ನೆಲ್ಲ ಕೈಯಿಂದಲೇ ಬಾಚಿ ಹೊರಗೆ ಚೆಲ್ಲಿದ. ಮಸಾರಿಯ ಕಲ್ಲು ಆರಿಸಿ ತಂದು ಒಂದೊಂದಾಗಿ ತುಂಬತೊಡಗಿದ. ಉಣ್ಣಲು ಕರೆಯಲು ಬಂದ ಹುಚ್ಚವ್ವ ಕಂಗಾಲಾದಳು.

"ಸತ್ತ ಬಳ್ಳಿಗೆ ಇದೇನು ನಡಸೀರಿ?"

"ಸುಳ್ಳಾಣಿ ಮಾಡಿದ್ನೇ, ಹುಚ್ಚವ್ವಾ! ಗೋಡು ಹಾಕಿ, ಹಾಕಿಲ್ಲಂತ ಆಕಿ ತಲಿ ಮುಟ್ಟಿ ಹೇಳಿದ್ನಿ. ನಾನ ಕೊಂದೆ ನನ್ನ ಮಗಳನ್ನ," ಎಂದು ಸಕ್ರಪ್ಪ ಹೋ ಎಂದು ಅತ್ತುಬಿಟ್ಟ.

ಹುಚ್ಚವ್ವ ಸೆರಗು ಸಿಕ್ಕಿಸಿ ಕೂತು, ಅವನ ಕೈಗೊಂದು ಕಲ್ಲು ಕೊಟ್ಟಳು. ಮತ್ತೊಂದು ಕೊಟ್ಟಳು. ಇಬ್ಬರೂ ಕೂಡಿ ತಗ್ಗು ತುಂಬಿದರು.

ಹೊತ್ತು ಮುಳುಗಿತು. ಏಳಲೆಂದು ಸಕ್ರಪ್ಪ ಕಲ್ಲಿನ ಮೇಲೆ ಅಂಗೈ ಊರಿದವನು ಹಾಗೇ ಕೂತುಬಿಟ್ಟ.

"ಇನ್ನೂ ಬೆಚ್ಚಗದಾವ," ಎಂದ. "ಮುಟ್ಟಿ ನೋಡು."

ಹುಚ್ಚವ್ವ ಅವನ ಕೈಯ ಪಕ್ಕದಲ್ಲಿ ತನ್ನ ಕೈ ಇಟ್ಟಳು.