ಶಿವಕ್ಕ ಕಂಡ ಹಳದಿ ಕಲೆ

ಬಸವೇಶ್ವರನಗರದ ಆ ಬೀದಿಯಲ್ಲಿ ಕಾರಿದ್ದದ್ದು ಒಂದೇ ಮನೆಯಲ್ಲಿ. ರೇವಣಸಿದ್ದಪ್ಪನವರ ಬೂದು ಬಣ್ಣದ ಹಳೆಯ ಕಾರು. ಯಾವ ಮನೆಯ ಹೆಣ್ಣಿಗೆ ಹೆರಿಗೆ ನೋವು ಬಂದರೂ ಮೊದಲು ಬಡಿಯುತ್ತಿದ್ದದ್ದು ಅವರ ಕದ. "ನಮ್ಮ ಬೀದಿ ಮಕ್ಕಳು ಹುಟ್ಟೋಕೆ ಮುಂಚೇನೇ ಕಾರಲ್ಲಿ ಓಡಾಡಿದ್ದಾವೆ," ಎಂದು ಅವರು ಎದೆಯುಬ್ಬಿಸಿ ಹೇಳುತ್ತಿದ್ದರು.

ಹೋದ ತಿಂಗಳು ಆ ಕಾರು ಮರ್ಯಾದೆ ಕಳೆಯಿತು. ಪಕ್ಕದ ಮನೆಯ ಚಿಕ್ಕಗಂಗಮ್ಮನನ್ನು ಹೆರಿಗೆಗೆಂದು ಆಸ್ಪತ್ರೆಗೆ ಕರೆದೊಯ್ಯುವಾಗ ಮಾಗಡಿ ರಸ್ತೆಯ ಏರಿನಲ್ಲಿ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ಚಿಕ್ಕಗಂಗಮ್ಮ ಹೊಟ್ಟೆ ಹಿಡಿದುಕೊಂಡು ಆಟೋ ಹತ್ತಬೇಕಾಯಿತು. ಆಟೋದವನು ಹೋಗುತ್ತಾ ಕಾರಿನ ಕಡೆ ಕೈ ತೋರಿಸಿ ಅಂದ: "ಯಜಮಾನ್ರೇ, ಈ ಅಜ್ಜಿಗೂ ದಿನ ತುಂಬಿರೋ ಹಾಗಿದೆ. ಅಡ್ಮಿಟ್ ಮಾಡಿಸ್ಬಿಡಿ."

ಈಗ ರೇವಣಸಿದ್ದಪ್ಪನವರ ಮಗಳು ಜಯದೇವಿಯೇ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತಾಯಿ ಶಿವಕ್ಕನವರಿಗೆ ಆ ಏರಿನದೇ ಯೋಚನೆ.

"ರೀ, ಕಾರು ಯಾರಿಗಾದ್ರೂ ತೋರಿಸಿ."

"ತೋರಿಸೋದೇನು? ಹಳೇ ಕಾರು, ನೀರು ಜಾಸ್ತಿ ಕುಡಿಯತ್ತೆ. ದಿನಾ ಚೆಂಬುಗಟ್ಲೆ ಹುಯ್ತಾ ಇದೀನಲ್ಲ."

"ಅಷ್ಟು ನೀರು ಕುಡಿಸೋ ಬದಲು ಎಮ್ಮೆ ಕಟ್ಟಿದ್ರೆ ಹಾಲಾದ್ರೂ ಕೊಡ್ತಿತ್ತು."

ಕಾರು ರಾತ್ರಿ ನಿಲ್ಲುತ್ತಿದ್ದದ್ದು ಗೇಟಿನ ಮುಂದೆ. ಬೆಳಿಗ್ಗೆ ಶಿವಕ್ಕ ಪೊರಕೆ ಹಿಡಿದು ಬಂದರೆ ರೇವಣಸಿದ್ದಪ್ಪ ಅದನ್ನು ಮುಂದಕ್ಕೆ ತಳ್ಳಿ ರಂಗೋಲಿಗೆ ಜಾಗ ಬಿಡಬೇಕು. ಕೆಲವು ದಿನಗಳಿಂದ, ಶಿವಕ್ಕ ನೀರು ಚಿಮುಕಿಸುವ ಮೊದಲೇ ನೆಲ ಒಂದು ಕಡೆ ಒದ್ದೆಯಾಗಿರುತ್ತಿತ್ತು. ಬೀದಿನಾಯಿಯ ಕೆಲಸವೆಂದು ಬೈದುಕೊಂಡು ತೊಳೆಯುತ್ತಿದ್ದರು.

ಆ ದಿನ ಕಲೆ ಹಳದಿಯಾಗಿತ್ತು. ಬಗ್ಗಿ ಮೂಸಿದರು. ಒಳಗೆ ಹೋಗಿ ನೋಡಿದರೆ ಡಬ್ಬಿಯಲ್ಲಿ ಅರಿಶಿನ ತಳ ಸೇರಿತ್ತು.

"ರೀ, ಅರಿಶಿನ ಯಾರಿಗೆ ಹಚ್ಚಿದ್ರಿ?"

ರೇವಣಸಿದ್ದಪ್ಪ ಆಕಾಶ ನೋಡಿದರು. "ರೇಡಿಯೇಟರಿಗೆ ಹಾಕ್ದೆ. ತೂತು ಇದ್ರೆ ಮುಚ್ಕೊಳ್ಳತ್ತೆ ಅಂತ ಟ್ಯಾಕ್ಸಿ ಸ್ಟ್ಯಾಂಡಲ್ಲಿ ಹೇಳಿದ್ರು."

ಎದುರುಮನೆಯ ಲಕ್ಷ್ಮೀಪತಿ ಹಾಲು ತರಲು ಹೊರಟಿದ್ದವರು ನಿಂತರು. ಅವರು ಐಟಿಐಯಲ್ಲಿ ಮೋಟಾರು ರಿಪೇರಿ ಕಲಿಸುವ ಮೇಷ್ಟ್ರು.

"ಸಾರ್, ಕಾರು ನೀರು ಕುಡಿಯಲ್ಲ. ಒಳಗಿನ ನೀರು ಎಂಜಿನ್ನಿನ ಬಿಸಿ ತಗೊಂಡು, ರೇಡಿಯೇಟರಲ್ಲಿ ತಣ್ಣಗಾಗಿ, ಮತ್ತೆ ಒಳಗೇ ತಿರುಗ್ತಾ ಇರಬೇಕು. ದಿನಾ ಕಮ್ಮಿ ಆಗ್ತಿದೆ ಅಂದ್ರೆ ಎಲ್ಲೋ ಸೋರ್ತಾ ಇದೆ. ಅರಿಶಿನ ಹಾಕಿದ್ರೆ ತೂತು ಮುಚ್ಚೋ ಬದಲು ರೇಡಿಯೇಟರಿನ ಸಣ್ಣ ಕೊಳವೆಗಳು ಕಟ್ಕೊಳ್ತಾವೆ. ಇನ್ನೂ ಬೇಗ ಕುದಿಯತ್ತೆ."

"ನಲವತ್ತು ವರ್ಷದಿಂದ ಓಡಿಸ್ತಾ ಇದೀನಿ ಮೇಷ್ಟ್ರೇ."

"ಓಡಿಸಿದೀರಿ. ಕೆಳಗೆ ಬಗ್ಗಿ ನೋಡಿದೀರಾ?"

ಶಿವಕ್ಕ ನಡುವೆ ಬಂದರು. "ಎಲ್ಲಿಂದ ಸೋರತ್ತೆ ಅಂತ ತಿಳಿಯೋದು ಹೇಗೆ?"

"ಹನಿ ಕಾರಿನ ಯಾವ ಭಾಗದ ಕೆಳಗೆ ಬೀಳತ್ತೆ ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು ಶಿವಕ್ಕ."

ಮಾರನೆಯ ಬೆಳಿಗ್ಗೆ ಶಿವಕ್ಕ ಗಂಡನನ್ನು ಕಾರು ಮುಟ್ಟಲು ಬಿಡಲಿಲ್ಲ. ರಂಗೋಲಿ ಪುಡಿಯಲ್ಲಿ ಮುಂದಿನ ಚಕ್ರಗಳ ಪಕ್ಕ ಒಂದೊಂದು ಗೆರೆ ಎಳೆದರು, ಬಂಪರಿನ ಕೆಳಗೆ ಅಡ್ಡಗೆರೆ ಎಳೆದರು. "ಈಗ ತಳ್ಳಿ," ಎಂದರು. ಕಾರು ಸರಿಯಿತು. ನೆಲದ ಮೇಲೆ ಅದರ ಮೂತಿಯ ನಕ್ಷೆ ಉಳಿಯಿತು. ಚುಕ್ಕಿ ತಪ್ಪದೆ ರಂಗೋಲಿ ಇಟ್ಟ ಕಣ್ಣು ಅದು. ತಪ್ಪುವುದುಂಟೆ? ಲಕ್ಷ್ಮೀಪತಿಯವರನ್ನು ಕರೆದು ಶಿವಕ್ಕ ಬೆರಳು ಮಾಡಿ ತೋರಿಸಿದರು.

"ರೇಡಿಯೇಟರ್ ಇರೋದು ಬಂಪರಿನ ಹಿಂದೆ, ಇಲ್ಲಿ. ಇಲ್ಲಿ ನೆಲ ಒಣಗಿದೆ. ಹಳದಿ ಬಿದ್ದಿರೋದು ಇನ್ನೂ ಹಿಂದೆ, ಎಡಗಡೆ. ಎಂಜಿನ್ ಹತ್ರ ನೋಡಿ ಮೇಷ್ಟ್ರೇ."

ಲಕ್ಷ್ಮೀಪತಿ ಬಾನೆಟ್ ಎತ್ತಿದರು. "ಈಗ ತಣ್ಣಗಿದೆ, ರೇಡಿಯೇಟರ್ ಮುಚ್ಚಳ ತೆಗೀಬಹುದು. ಅವತ್ತು ಹಬೆ ಬರ್ತಿದ್ದಾಗ ಏನು ಮಾಡಿದ್ರಿ ಸಾರ್?"

ರೇವಣಸಿದ್ದಪ್ಪ ಮುಂಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

"ಮುಚ್ಚಳ ತೆಗೆದು ಸುಟ್ಕೊಂಡ್ರು," ಎಂದರು ಶಿವಕ್ಕ. "ನನ್ನ ಹತ್ರ ಮಾತ್ರ ಸೊಳ್ಳೆ ಕಚ್ಚಿದ್ದು ಅಂದ್ರು."

ಟಾರ್ಚಿನ ಬೆಳಕಲ್ಲಿ ಎಲ್ಲ ಕಂಡಿತು. ರೇಡಿಯೇಟರಿನ ತಳದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು. ಎಂಜಿನ್ ಕಡೆಯ ತುದಿಯಲ್ಲಿ, ಕ್ಲಿಪ್ಪಿನ ಪಕ್ಕ, ರಬ್ಬರ್ ಸೀಳಿ ಹಳದಿ ಗೆರೆ ಇಳಿದಿತ್ತು. ಗ್ಯಾರೇಜಿನವರು ಪೈಪು, ಕ್ಲಿಪ್ಪು ಬದಲಿಸಿದರು. ಅರಿಶಿನವೆಲ್ಲ ಹೋಗುವವರೆಗೆ ರೇಡಿಯೇಟರ್ ತೊಳೆದು, ಶುದ್ಧ ನೀರಿಗೆ ಎಂಜಿನ್ ತಂಪಾಗಿಡುವ ಕೂಲೆಂಟ್ ದ್ರವ ಬೆರೆಸಿ ತುಂಬಿಸಿದರು. ಮರುದಿನ ನೆಲ ಒಣಗಿತ್ತು. ಶಿವಕ್ಕ ಅದರ ಮೇಲೆ ದೊಡ್ಡ ರಂಗೋಲಿ ಬಿಟ್ಟರು.

ವಾರ ತುಂಬುವ ಮೊದಲೇ ಜಯದೇವಿಗೆ ನೋವು ಕಾಣಿಸಿತು. ಕಾರು ಮಾಗಡಿ ರಸ್ತೆಯ ಏರಿಗೆ ಬಂತು. ಹಿಂದಿನ ಸೀಟಿನಲ್ಲಿ ಮಗಳ ಕೈ ಹಿಡಿದಿದ್ದ ಶಿವಕ್ಕ ಕೇಳಿದರು, "ಬಿಸಿ ತೋರಿಸೋ ಮುಳ್ಳು ಎಲ್ಲಿದೆ ರೀ?"

"ನಡುವೆ."

"ಈಗ?"

"ನಡುವೇನೇ ಇದೆ ಕಣೇ."

"ಅಪ್ಪ, ಅಮ್ಮ," ಎಂದಳು ಜಯದೇವಿ ಹಲ್ಲುಕಚ್ಚಿ, "ಮುಳ್ಳು ಚೆನ್ನಾಗಿದೆ. ನನ್ನನ್ನೂ ಸ್ವಲ್ಪ ನೋಡಿ."

ಮುಳ್ಳು ಅಲುಗಲಿಲ್ಲ. ಕಾರು ಆಸ್ಪತ್ರೆಯ ಮೆಟ್ಟಿಲ ಮುಂದೆಯೇ ನಿಂತಿತು. ಸಂಜೆ ಹೆಣ್ಣುಮಗು ಹುಟ್ಟಿತು. ಮಗು ನೋಡಲು ಬಂದ ಬೀಗರನ್ನು ರೇವಣಸಿದ್ದಪ್ಪ ಕಾರಿನ ಹತ್ತಿರವೂ ಕರೆತಂದರು. "ಸೋರ್ತಿದ್ದ ಜಾಗ ಕಂಡುಹಿಡಿದದ್ದು ನಮ್ಮನೆಯವರು. ರಂಗೋಲಿ ಪುಡಿ ಹಿಡ್ಕೊಂಡು," ಎಂದರು. ಶಿವಕ್ಕ ಸೆರಗು ಸರಿಮಾಡಿಕೊಂಡು, ಯಜಮಾನಿಯ ಹಾಗೆ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು.

ನಿಮ್ಮ ಮನೆಯ ಮುಂದೆಯೂ ಹಳೆಯ ಕಾರು ಇದೆಯೇ? ನಾಳೆ ಬೆಳಿಗ್ಗೆ ಅದನ್ನು ತೆಗೆಯುವ ಮುನ್ನ ನೆಲ ನೋಡಿ. ರಂಗೋಲಿ ಇಲ್ಲದಿದ್ದರೆ ರಾತ್ರಿಯೇ ಕಾರಿನ ಕೆಳಗೆ ಹಳೆಯ ಪೇಪರ್ ಹಾಸಿಡಿ. ಎಂಜಿನ್ ತಣ್ಣಗಿದ್ದಾಗ ಮಾತ್ರ ರೇಡಿಯೇಟರಿನ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ. ನೀರು ಕಡಿಮೆಯಾಗುತ್ತಿದ್ದೂ ನೆಲ ಒಣಗಿದ್ದರೆ ಎಂಜಿನ್ನಿನ ಒಳಗೇ ಸೋರುತ್ತಿರಬಹುದು. ತಡಮಾಡದೆ ಗ್ಯಾರೇಜಿಗೆ ತೋರಿಸಿ. ದಾರಿಯಲ್ಲಿ ಮುಳ್ಳು ಮೇಲೇರಿದರೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಪೂರ್ತಿ ತಣಿಯುವವರೆಗೆ ಕಾಯಿರಿ. ಅಂಗಳ ಗುಡಿಸುವವರು ನೀವಾದರೆ ಕಂಡದ್ದನ್ನು ಹೇಳಿ. ಕಾರು ಓಡಿಸುವವರು ನೀವಾದರೆ ಅವರ ಮಾತು ಕೇಳಿ. ಯಾರೋ ನಿಮ್ಮ ಕದ ಬಡಿದ ದಿನ ನಿಮ್ಮ ಕಾರು ಏರು ಹತ್ತಬೇಕು.